ಓದುಗರ ಪ್ರಶ್ನೆ, ನಮ್ಮ ಉತ್ತರ: ಸೊನ್ನೆ ಬಂದರೆ ನೀರಿಲ್ಲವೋ, ತಂತಿಯೇ ಇಲ್ಲವೋ?

ದೂರದ ಟ್ಯಾಂಕು, ತೋಟ, ಬೋರ್‌ವೆಲ್‌ಗಳ ಮೇಲೆ ಕೂತಲ್ಲಿಂದಲೇ ಕಣ್ಣಿಡುವ ಸೆನ್ಸರ್ ವ್ಯವಸ್ಥೆಗಳ ಬಗ್ಗೆ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಒಂದೇ ತರಹದ ಪ್ರಶ್ನೆಗಳನ್ನು ಸೇರಿಸಿ ಒಂದಾಗಿಸಿದ್ದೇವೆ.

ನಮ್ಮ ಲ್ಯಾಬಿನ ಲೆವೆಲ್ ಟ್ರಾನ್ಸ್‌ಮಿಟರ್ (ನೀರಿನ ಮಟ್ಟವನ್ನು ಕರೆಂಟಾಗಿ ಕಳಿಸುವ ಸೆನ್ಸರ್) 4ರಿಂದ 20 ಮಿಲಿಆಂಪಿಯರ್ ಕೊಡುತ್ತದೆ. ಸೊನ್ನೆಯಿಂದಲೇ ಯಾಕೆ ಶುರುವಾಗುವುದಿಲ್ಲ? ವೋಲ್ಟೇಜನ್ನೇ ಕಳಿಸಿದರೆ ಏನಾಗುತ್ತದೆ? ಇದನ್ನು ಇಎಸ್‌ಪಿ32 (ವೈಫೈ ಇರುವ ಸಣ್ಣ ಕಂಟ್ರೋಲರ್) ಬೋರ್ಡಿಗೆ ಜೋಡಿಸುವುದು ಹೇಗೆ?
— ಡಿಪ್ಲೊಮಾ ಎರಡನೇ ವರ್ಷದ ವಿದ್ಯಾರ್ಥಿನಿ, ದಾವಣಗೆರೆ

ಮೊದಲನೇ ಪ್ರಶ್ನೆ ಸಣ್ಣದಾಗಿ ಕಾಣುತ್ತದೆ, ಆದರೆ ದೂರದ ನಿಗಾ ಅನ್ನುವುದರ ಗುಟ್ಟೆಲ್ಲ ಅದರಲ್ಲೇ ಇದೆ. ಟ್ಯಾಂಕಿನಲ್ಲಿ ನೀರು ಸೊನ್ನೆಯಾದಾಗಲೂ ಕರೆಂಟು ಸೊನ್ನೆ, ಇಲಿ ತಂತಿ ಕಡಿದಾಗಲೂ ಸೊನ್ನೆ ಅಂತಾದರೆ, ಹತ್ತು ಕಿಲೋಮೀಟರ್ ಆಚೆ ಕೂತವನಿಗೆ ಎರಡನ್ನೂ ಬೇರೆ ಮಾಡಲು ದಾರಿಯೇ ಇಲ್ಲ. ಖಾಲಿ ಟ್ಯಾಂಕಿಗೆ 4 ಮಿಲಿಆಂಪಿಯರ್ ಎಂದು ಇಟ್ಟುಕೊಂಡರೆ, ಅದಕ್ಕಿಂತ ಕೆಳಗೆ ಬಂದದ್ದು ನೀರಿನ ಸುದ್ದಿಯಲ್ಲ, ತಂತಿಯ ಸುದ್ದಿ. ವಾಡಿಕೆಯಲ್ಲಿ 3.6ಕ್ಕಿಂತ ಕಡಿಮೆ ಅಥವಾ 21ಕ್ಕಿಂತ ಹೆಚ್ಚು ಬಂದರೆ ಕೆಟ್ಟಿದೆ ಎಂದೇ ಲೆಕ್ಕ. ಇನ್ನೊಂದು ಲಾಭವೂ ಉಂಟು: ಎರಡೇ ತಂತಿಯ ಟ್ರಾನ್ಸ್‌ಮಿಟರ್ ತನ್ನ ಹೊಟ್ಟೆ ತುಂಬಿಸಿಕೊಳ್ಳುವುದೂ ಆ 4 ಮಿಲಿಆಂಪಿಯರಿನಲ್ಲೇ. ಬೇರೆ ಪವರ್ ತಂತಿ ಎಳೆಯಬೇಕಿಲ್ಲ.

ವೋಲ್ಟೇಜ್ ಕಳಿಸಿದರೆ ಉದ್ದ ತಂತಿಯಲ್ಲಿ ಅದು ಇಳಿಯುತ್ತದೆ, ಪಕ್ಕದ ಮೋಟರ್ ಕೇಬಲ್ಲಿನ ಗದ್ದಲವನ್ನೂ ಹೊತ್ತು ತರುತ್ತದೆ. ಕರೆಂಟು ಹಾಗಲ್ಲ, ಸುತ್ತಿನಲ್ಲಿ ಎಲ್ಲಿ ಅಳೆದರೂ ಒಂದೇ. ಒಂದು ಲೆಕ್ಕ ಹಾಕಿ ನೋಡಿ. 24 ವೋಲ್ಟ್ ಸಪ್ಲೈ. ಟ್ರಾನ್ಸ್‌ಮಿಟರಿಗೆ ಕನಿಷ್ಠ 12 ವೋಲ್ಟ್ ಬೇಕು ಎಂದುಕೊಳ್ಳಿ. ಉಳಿದ 12 ವೋಲ್ಟನ್ನು 20 ಮಿಲಿಆಂಪಿಯರಿನಿಂದ ಭಾಗಿಸಿದರೆ 600 ಓಮ್, ಸುತ್ತಿನ ಒಟ್ಟು ರೋಧ ಅಲ್ಲಿತನಕ ಇರಬಹುದು. ಅರ್ಧ ಚದರ ಮಿಲಿಮೀಟರಿನ ತಾಮ್ರದ ತಂತಿ ಹೋಗಿ ಬರಲು ಕಿಲೋಮೀಟರಿಗೆ ಸುಮಾರು 80 ಓಮ್ ಅಷ್ಟೇ. ಹಾಗಾಗಿ ಒಂದು ಕಿಲೋಮೀಟರ್ ಅದಕ್ಕೆ ದೂರವೇ ಅಲ್ಲ.

ಇಎಸ್‌ಪಿ32ಗೆ ಜೋಡಿಸಲು ಸುತ್ತಿನ ಕೆಳತುದಿಯಲ್ಲಿ 100 ಓಮ್, 1% ರೆಸಿಸ್ಟರ್ ಹಾಕಿ, ಅದರ ಮೇಲಿನ ವೋಲ್ಟೇಜ್ ಓದಿ. 4ಕ್ಕೆ 0.4 ವೋಲ್ಟ್, 20ಕ್ಕೆ 2.0 ವೋಲ್ಟ್. ಹಲವು ಪಾಠಗಳಲ್ಲಿ 150 ಓಮ್ ಎಂದಿರುತ್ತದೆ. ಆಗ 20 ಮಿಲಿಆಂಪಿಯರಿಗೆ 3 ವೋಲ್ಟ್ ಆಗುತ್ತದೆ, ಈ ಚಿಪ್ಪಿನ ಎಡಿಸಿ (ವೋಲ್ಟೇಜನ್ನು ಅಂಕಿಯಾಗಿಸುವ ಭಾಗ) ಸುಮಾರು 2.45 ವೋಲ್ಟ್ ದಾಟಿದ ಮೇಲೆ ನಂಬಿಕೆಗೆ ಅರ್ಹವಲ್ಲ. ಟ್ಯಾಂಕ್ ತುಂಬುವ ಹೊತ್ತಿಗೇ ಲೆಕ್ಕ ತಪ್ಪುತ್ತದೆ. 5 ಮೀಟರ್ ವ್ಯಾಪ್ತಿಯ ಟ್ರಾನ್ಸ್‌ಮಿಟರಾದರೆ ಕರೆಂಟು = 4 + 16 × ಎತ್ತರ ÷ 5. 2 ಮೀಟರ್ ನೀರಿಗೆ 10.4 ಮಿಲಿಆಂಪಿಯರ್, ಅಂದರೆ 1.04 ವೋಲ್ಟ್. ಮಲ್ಟಿಮೀಟರಿನಲ್ಲಿ ಇದನ್ನೇ ಮೊದಲು ನೋಡಿಕೊಂಡು ಆಮೇಲೆ ಪ್ರೋಗ್ರಾಂ ಕಡೆ ಹೋಗಿ.

ಟ್ರಾನ್ಸ್‌ಮಿಟರ್ ಶಾರ್ಟ್ ಆದರೆ 24 ವೋಲ್ಟೂ ಆ 100 ಓಮ್ ಮೇಲೆ ಬಿದ್ದು, ಅದು 5 ವಾಟ್ ಮೀರಿ ಕಾದು ಸುಡುತ್ತದೆ, ಪಿನ್ನೂ ಹೋಗುತ್ತದೆ. ಅದಕ್ಕೇ ಸುತ್ತಿಗೊಂದು 50 ಮಿಲಿಆಂಪಿಯರ್ ಫ್ಯೂಸ್, ಪಿನ್ನಿಗೆ ಹೋಗುವ ದಾರಿಯಲ್ಲಿ 10 ಕಿಲೊಓಮ್, ಪಿನ್ನಿನಿಂದ ಗ್ರೌಂಡಿಗೆ 0.1 ಮೈಕ್ರೋಫ್ಯಾರಡ್. ಮೂರೂ ಸೇರಿ ಒಂದು ಕಾಫಿಯ ಖರ್ಚು.

ನಮ್ಮೂರಿನ 50,000 ಲೀಟರ್ ಓವರ್‌ಹೆಡ್ ಟ್ಯಾಂಕಿಗೆ ವಾಟರ್‌ಪ್ರೂಫ್ ಅಲ್ಟ್ರಾಸಾನಿಕ್ ಸೆನ್ಸರ್ ಹಾಕಿಸಿದ್ದೇವೆ. ಮಧ್ಯಾಹ್ನ ಸರಿ ತೋರಿಸುತ್ತದೆ. ಬೆಳಗಿನ ಜಾವ ಮಾತ್ರ "ಟ್ಯಾಂಕ್ ಫುಲ್" ಅನ್ನುತ್ತದೆ. ನೀರುಗಂಟಿ ಅದನ್ನು ನಂಬಿ ಮೋಟರ್ ಹಾಕುವುದಿಲ್ಲ. ಏಳು ಗಂಟೆಗೆ ನಲ್ಲಿ ಒಣಗಿರುತ್ತದೆ.
— ಗ್ರಾಮ ಪಂಚಾಯಿತಿ ಸದಸ್ಯರು, ಕೊಪ್ಪಳ ಜಿಲ್ಲೆ

ನೀರುಗಂಟಿಯ ತಪ್ಪಿಲ್ಲ. ರಾತ್ರಿ ಟ್ಯಾಂಕಿನ ಮುಚ್ಚಳ ತಣ್ಣಗಾಗುತ್ತದೆ, ಒಳಗಿನ ಆವಿ ಸೆನ್ಸರಿನ ಮುಖದ ಮೇಲೆ ಹನಿಯಾಗಿ ಕೂರುತ್ತದೆ. ಶಬ್ದ ಆ ಹನಿಗೇ ಬಡಿದು ಮರಳುತ್ತದೆ. ಸೆನ್ಸರ್ ಪಾಲಿಗೆ ನೀರು ಮೂಗಿನ ತುದಿಗೆ ಬಂದಂತೆ, ಅಂದರೆ ಟ್ಯಾಂಕ್ ತುಂಬಿದಂತೆ. ಬಿಸಿಲೇರಿ ಹನಿ ಆರಿದರೆ ಎಲ್ಲ ಸರಿ.

ಖಾತ್ರಿ ಮಾಡಿಕೊಳ್ಳಲು ಶೇಕಡಾವಾರು ನೋಡಬೇಡಿ, ಸೆನ್ಸರ್ ಕೊಡುವ ಕಚ್ಚಾ ದೂರವನ್ನೇ ನೋಡಿ. ಈ ಜಾತಿಯ ಸೆನ್ಸರುಗಳಿಗೆ ಸುಮಾರು 20ರಿಂದ 25 ಸೆಂಟಿಮೀಟರ್ ಒಳಗೆ ಕಣ್ಣು ಕಾಣುವುದಿಲ್ಲ. ಬೆಳಗಿನ ಹೊತ್ತೆಲ್ಲ ಅದೇ 20–25ರಲ್ಲಿ ಅಂಕಿ ಅಲ್ಲಾಡದೆ ನಿಂತಿದ್ದರೆ ಅದು ನೀರಲ್ಲ. ಹಾಗೆಯೇ ಸೆನ್ಸರನ್ನು ತುಂಬಿದ ಮಟ್ಟಕ್ಕಿಂತ ಕನಿಷ್ಠ 30 ಸೆಂಟಿಮೀಟರ್ ಮೇಲೆ ಕೂರಿಸಿ. ಒಳಗಿನ ಏಣಿ, ನೀರು ಬೀಳುವ ಪೈಪು ಎರಡರಿಂದಲೂ ದೂರವಿರಲಿ. ಇದರ ಶಬ್ದ ಅಗಲವಾಗಿ ಹರಡುತ್ತದೆ, ಏಣಿಯ ಮೆಟ್ಟಿಲೇ ಮೊದಲು ಮಾತಾಡೀತು.

ಪ್ರೋಗ್ರಾಮಿನಲ್ಲಿ ಮಾಡಬೇಕಾದದ್ದು ಇನ್ನೂ ಮುಖ್ಯ. 50,000 ಲೀಟರ್ ಟ್ಯಾಂಕು ಎರಡೂವರೆ ಮೀಟರ್ ಆಳವಿದ್ದರೆ ಅದರ ತಳ 20 ಚದರ ಮೀಟರ್. ಮೋಟರ್ ನಿಮಿಷಕ್ಕೆ 300 ಲೀಟರ್ ಎತ್ತಿದರೆ ನೀರು ಏರುವುದು ನಿಮಿಷಕ್ಕೆ ಒಂದೂವರೆ ಸೆಂಟಿಮೀಟರ್. ಐದು ನಿಮಿಷದಲ್ಲಿ ಏಳೂವರೆ. ಹಾಗಿರುವಾಗ ಐದು ನಿಮಿಷದಲ್ಲಿ ಒಂದು ಮೀಟರ್ ಏರಿತು ಎಂದು ಸೆನ್ಸರ್ ಹೇಳಿದರೆ ಯಾರು ನಂಬಬೇಕು? ಏಳು ಸಲ ಓದಿ, ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ ನಡುವಿನ ಅಂಕಿ ಹಿಡಿಯಿರಿ, ಹಿಂದಿನ ಓದಿಗೂ ಇದಕ್ಕೂ 10 ಸೆಂಟಿಮೀಟರಿಗಿಂತ ಹೆಚ್ಚು ಅಂತರವಿದ್ದರೆ "ಫುಲ್" ಎನ್ನದೆ "ಸೆನ್ಸರ್ ಅನುಮಾನ" ಎಂದು ಕಳಿಸಿ. ನೀರುಗಂಟಿಯ ಮೊಬೈಲಿಗೆ ಹೋಗಬೇಕಾದ ಸಂದೇಶ ಅದು. ಏಳೂ ಓದು ಒಂದೇ ಹನಿಯಿಂದ ಬಂದಿದ್ದರೆ ನಡುವಿನ ಅಂಕಿಯೂ ಸುಳ್ಳೇ ಆಗಿರುತ್ತದೆ, ಆದ್ದರಿಂದ ಈ ಎರಡನೇ ತಪಾಸಣೆ ಬಿಡಬೇಡಿ.

ಶಬ್ದದ ವೇಗವೂ ಬಿಸಿಲಿಗೆ ಬದಲಾಗುತ್ತದೆ: 20 ಡಿಗ್ರಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್, 40 ಡಿಗ್ರಿಯಲ್ಲಿ 355. ಎರಡು ಮೀಟರ್ ದೂರದಲ್ಲಿ ಇದೇ 7 ಸೆಂಟಿಮೀಟರ್ ತಪ್ಪು, ನಿಮ್ಮ ಟ್ಯಾಂಕಿನಲ್ಲಿ 1,400 ಲೀಟರ್. ಟ್ಯಾಂಕಿನೊಳಗೊಂದು ಉಷ್ಣತೆ ಸೆನ್ಸರ್ ಇಟ್ಟು 331.4 + 0.6 × ಉಷ್ಣತೆ ಎಂಬ ಸೂತ್ರ ಬಳಸಿ.

ನಮ್ಮನ್ನು ಕೇಳಿದರೆ, ಸಾರ್ವಜನಿಕ ಟ್ಯಾಂಕಿಗೆ ತಳದಲ್ಲಿ ಮುಳುಗಿಸುವ 4–20 ಮಿಲಿಆಂಪಿಯರಿನ ಒತ್ತಡದ ಟ್ರಾನ್ಸ್‌ಮಿಟರೇ ಸರಿ. ಅದರ ಕೇಬಲ್ಲಿನಲ್ಲಿ ಗಾಳಿಯಾಡಲು ಸಣ್ಣ ನಳಿಕೆ ಇರುತ್ತದೆ, ಮೇಲಿನ ತುದಿಯನ್ನು ಟೇಪಿನಿಂದ ಮುಚ್ಚಿಬಿಡಬಾರದು. ಮುಚ್ಚಿದರೆ ವಾತಾವರಣದ ಒತ್ತಡ 1 ಕಿಲೊಪಾಸ್ಕಲ್ ಬದಲಾದಾಗೆಲ್ಲ ನೀರಿನ ಮಟ್ಟ 10 ಸೆಂಟಿಮೀಟರ್ ಕುಣಿಯುತ್ತದೆ. ಜೊತೆಗೆ ತುಂಬಿದ ಮಟ್ಟದಲ್ಲಿ ಒಂದು ಮಾಮೂಲಿ ಫ್ಲೋಟ್ ಸ್ವಿಚ್ ಇರಲಿ. ಎರಡು ಸಾಕ್ಷಿ ಒಂದೇ ಮಾತು ಹೇಳಿದರೆ ಮಾತ್ರ "ಫುಲ್".

ಅರ್ಧ ಗಂಟೆಗೊಮ್ಮೆ ಎದ್ದು, ಓದಿ, ಜಿಎಸ್‌ಎಂ ಮಾಡ್ಯೂಲಿನಿಂದ ಕಳಿಸಿ, ಮತ್ತೆ ಡೀಪ್ ಸ್ಲೀಪಿಗೆ ಹೋಗುವ ಪ್ರಾಜೆಕ್ಟ್ ಮಾಡಿದ್ದೇನೆ. 2600 ಮಿಲಿಆಂಪಿಯರ್-ಅವರಿನ 18650 ಲಿಥಿಯಂ ಸೆಲ್. ಡೇಟಾಶೀಟಿನಲ್ಲಿ ನಿದ್ದೆಯ ಕರೆಂಟು 10 ಮೈಕ್ರೋಆಂಪಿಯರ್ ಎಂದಿದೆ. ಆದರೂ ಐದೇ ದಿನಕ್ಕೆ ಬ್ಯಾಟರಿ ಖಾಲಿ.
— ಬಿಇ ಆರನೇ ಸೆಮಿಸ್ಟರ್, ಮೈಸೂರು

ಡೇಟಾಶೀಟು ಹೇಳುವುದು ಚಿಪ್ಪಿನ ನಿದ್ದೆ. ನೀವು ಮಲಗಿಸಿರುವುದು ಚಿಪ್ಪನ್ನು ಮಾತ್ರ, ಬೋರ್ಡಿನ ಮೇಲಿನ ಉಳಿದವರೆಲ್ಲ ಎಚ್ಚರವಾಗಿದ್ದಾರೆ. ಎಎಂಎಸ್1117 ರೆಗ್ಯುಲೇಟರ್ (ವೋಲ್ಟೇಜ್ ಇಳಿಸಿ ಕೊಡುವ ಚಿಪ್ಪು) ಸುಮ್ಮನೆ ಕೂತು 5 ಮಿಲಿಆಂಪಿಯರ್ ತಿನ್ನುತ್ತದೆ. ಕೆಂಪು ಎಲ್‌ಇಡಿ, ಯುಎಸ್‌ಬಿ ಚಿಪ್ಪು, ಸದಾ ಪವರ್ ಇರುವ ಸೆನ್ಸರ್ ಎಲ್ಲ ಸೇರಿ 15 ಮಿಲಿಆಂಪಿಯರ್ ಆಗುವುದು ಮಾಮೂಲು.

ಈಗ ಲೆಕ್ಕ. ಒಂದು ಸಲ ಎದ್ದು ನೆಟ್‌ವರ್ಕ್ ಹುಡುಕಿ ಕಳಿಸಲು 40 ಸೆಕೆಂಡ್, ಸರಾಸರಿ 120 ಮಿಲಿಆಂಪಿಯರ್ ಎಂದುಕೊಳ್ಳಿ. 40 × 120 ÷ 3600 = 1.33 ಮಿಲಿಆಂಪಿಯರ್-ಅವರ್. ದಿನಕ್ಕೆ 48 ಸಲ, ಅಂದರೆ 64. ಇದು ದುಡಿಮೆಯ ಖರ್ಚು. ನಿದ್ದೆಯ ಖರ್ಚು 15 × 24 = 360. ಒಟ್ಟು 424. ಸೆಲ್ಲಿನ 80% ಮಾತ್ರ ಬಳಸಬಹುದು ಎಂದರೆ 2080, ಭಾಗಿಸಿದರೆ 4.9 ದಿನ. ನಿಮ್ಮ ಐದು ದಿನ ಅಲ್ಲಿಗೆ ಸಿಕ್ಕಿತು. ದುಡಿಯುವುದಕ್ಕಿಂತ ಐದು ಪಟ್ಟು ಹೆಚ್ಚು ಮಲಗುವುದಕ್ಕೇ ಹೋಗುತ್ತಿದೆ.

ಮಾಡಬೇಕಾದದ್ದು ಇಷ್ಟು. ಡೆವಲಪ್‌ಮೆಂಟ್ ಬೋರ್ಡನ್ನು ಬಿಟ್ಟು ಬರೀ ಮಾಡ್ಯೂಲ್ ಬಳಸಿ, ಇಲ್ಲವೇ ರೆಗ್ಯುಲೇಟರನ್ನು ಎಚ್‌ಟಿ7833ಗೆ ಬದಲಿಸಿ. ಅದು ಕೆಲವೇ ಮೈಕ್ರೋಆಂಪಿಯರಿನಲ್ಲಿ ಬದುಕುತ್ತದೆ, 500 ಮಿಲಿಆಂಪಿಯರ್ ಕೊಡುತ್ತದೆ. ಎಂಸಿಪಿ1700 ಇನ್ನೂ ಮಿತವ್ಯಯಿ, ಆದರೆ 250ಕ್ಕೆ ಸುಸ್ತಾಗುತ್ತದೆ. ವೈಫೈ ಎದ್ದಾಗ ಬೋರ್ಡು ರೀಸೆಟ್ ಆಗುತ್ತದೆ. ಸೆನ್ಸರಿಗೂ ಜಿಎಸ್‌ಎಂಗೂ ಪಿ-ಚಾನೆಲ್ ಮಾಸ್‌ಫೆಟ್ (ಚಿಪ್ಪೇ ಆನ್-ಆಫ್ ಮಾಡಬಲ್ಲ ಎಲೆಕ್ಟ್ರಾನಿಕ್ ಸ್ವಿಚ್) ಹಾಕಿ, ಕೆಲಸ ಮುಗಿದ ಕೂಡಲೇ ಪವರ್ರೇ ತೆಗೆಯಿರಿ. ನಿದ್ದೆ 0.1 ಮಿಲಿಆಂಪಿಯರಿಗೆ ಇಳಿದರೆ ದಿನದ ಖರ್ಚು 66, ಬ್ಯಾಟರಿ 31 ದಿನ. ಅರ್ಧ ಗಂಟೆಗೊಮ್ಮೆ ಓದಿ, ಗಂಟೆಗೊಮ್ಮೆ ಎರಡು ಓದನ್ನು ಒಟ್ಟಿಗೆ ಕಳಿಸಿದರೆ ಎರಡು ತಿಂಗಳು. ಓದುವುದು ಅಗ್ಗ, ಕಳಿಸುವುದು ದುಬಾರಿ.

ಸಿಮ್800ಎಲ್ ಎಂಬ ಜಿಎಸ್‌ಎಂ ಮಾಡ್ಯೂಲ್ ಬಗ್ಗೆ ಒಂದು ಮಾತು. ಅದು ಕಳಿಸುವ ಕ್ಷಣದಲ್ಲಿ 2 ಆಂಪಿಯರ್ ತನಕ ಎಳೆಯುತ್ತದೆ, ಕ್ಷಣ ಅಂದರೆ ಅರ್ಧ ಮಿಲಿಸೆಕೆಂಡಿಗಿಂತ ತುಸು ಹೆಚ್ಚು. ತೆಳು ಜಂಪರ್ ತಂತಿಯಲ್ಲಿ ಅಷ್ಟಕ್ಕೇ ವೋಲ್ಟೇಜ್ 3.4ಕ್ಕಿಂತ ಕೆಳಗೆ ಬೀಳುತ್ತದೆ, ಮಾಡ್ಯೂಲ್ ಸತ್ತು ಹುಟ್ಟುತ್ತದೆ. ಮಲ್ಟಿಮೀಟರಿಗೆ ಇದು ಕಾಣುವುದೇ ಇಲ್ಲ. ಮಾಡ್ಯೂಲಿನ ಪಿನ್ನಿಗೇ ತಾಗಿಸಿ 1000 ಮೈಕ್ರೋಫ್ಯಾರಡ್ ಕೆಪಾಸಿಟರ್, ಸೆಲ್ಲಿನಿಂದ ದಪ್ಪನೆಯ ಗಿಡ್ಡ ತಂತಿ. "ಕೋಡ್ ಸರಿ ಇದೆ, ಆದರೆ ಕೆಲವೊಮ್ಮೆ ಹೋಗುವುದಿಲ್ಲ" ಎಂಬ ಪತ್ರಗಳಿಗೆಲ್ಲ ಮೊದಲು ಇದನ್ನೇ ಹೇಳುತ್ತೇವೆ. ಅಂದ ಹಾಗೆ ಇದು 2ಜಿ ಮಾಡ್ಯೂಲ್. ಜಿಯೊ ಸಿಮ್ ಇದರಲ್ಲಿ ನಡೆಯುವುದಿಲ್ಲ. ಹೊಸದಾಗಿ ಶುರು ಮಾಡುವವರು 4ಜಿ ಮಾಡ್ಯೂಲನ್ನೇ ಕೊಳ್ಳಿ.

ನಿದ್ದೆಯ ಕರೆಂಟು ಅಳೆಯುವಾಗ ಮೀಟರನ್ನು ಮೊದಲೇ ಮೈಕ್ರೋಆಂಪಿಯರ್ ವ್ಯಾಪ್ತಿಗೆ ಇಡಬೇಡಿ. ಆ ವ್ಯಾಪ್ತಿಯಲ್ಲಿ ಮೀಟರಿನ ಒಳರೋಧ ಹೆಚ್ಚು, ಬೋರ್ಡು ಏಳುವುದೇ ಇಲ್ಲ. ಆಂಪಿಯರ್ ವ್ಯಾಪ್ತಿಯಲ್ಲಿ ಶುರು ಮಾಡಿ, ಮೀಟರಿನ ಎರಡು ತುದಿಗೂ ಒಂದು ತುಂಡು ತಂತಿ ಅಡ್ಡ ಕಟ್ಟಿ. ಬೋರ್ಡು ಮಲಗಿದ ಮೇಲೆ ವ್ಯಾಪ್ತಿ ಇಳಿಸಿ ತಂತಿ ಬಿಚ್ಚಿ.

ಅಡಿಕೆ ತೋಟದಿಂದ ಮನೆಗೆ 2 ಕಿಲೋಮೀಟರ್. ಲೋರಾ (ಕಡಿಮೆ ಶಕ್ತಿಯಲ್ಲಿ ದೂರಕ್ಕೆ ಸಣ್ಣ ಸಂದೇಶ ಕಳಿಸುವ ರೇಡಿಯೊ) 10 ಕಿಲೋಮೀಟರ್ ಹೋಗುತ್ತದೆ ಎಂದು ಅಂಗಡಿಯವರು ಕೊಟ್ಟರು. ಬೇಸಗೆಯಲ್ಲಿ ಅಷ್ಟಿಷ್ಟು ಬರುತ್ತಿತ್ತು, ಮಳೆಗಾಲದಲ್ಲಿ ಪೂರ್ತಿ ನಿಂತಿದೆ.
— ಬೆಳೆಗಾರರು, ತೀರ್ಥಹಳ್ಳಿ

ಅಂಗಡಿಯವರು ಸುಳ್ಳು ಹೇಳಿಲ್ಲ, ಗುಡ್ಡದ ತುದಿಯಿಂದ ಗುಡ್ಡದ ತುದಿಗೆ ಹತ್ತು ಹೋಗುತ್ತದೆ. ಬಯಲಿನ ಲೆಕ್ಕದಲ್ಲಿ 866 ಮೆಗಾಹರ್ಟ್ಜ್‌ನ ಸಿಗ್ನಲ್ 2 ಕಿಲೋಮೀಟರಿಗೆ ಸುಮಾರು 97 ಡೆಸಿಬೆಲ್ ಕಳೆದುಕೊಳ್ಳುತ್ತದೆ. 14 ಡಿಬಿಎಂ (ಸಿಗ್ನಲ್ ಶಕ್ತಿಯ ಅಳತೆ) ಕಳಿಸಿದರೆ ಮನೆಗೆ ಮುಟ್ಟುವುದು ಮೈನಸ್ 83. ಎಸ್‌ಎಫ್ (ಸ್ಪ್ರೆಡಿಂಗ್ ಫ್ಯಾಕ್ಟರ್, ಏರಿಸಿದಷ್ಟೂ ಸಂದೇಶ ನಿಧಾನ, ಆದರೆ ದೂರ ಮುಟ್ಟುತ್ತದೆ) 7ರಲ್ಲೇ ಲೋರಾ ಮೈನಸ್ 123 ತನಕ ಕೇಳಿಸಿಕೊಳ್ಳಬಲ್ಲದು. ಅಂದರೆ ಕೈಯಲ್ಲಿ 40 ಡೆಸಿಬೆಲ್ ಇತ್ತು. ಅಷ್ಟನ್ನೂ ಒದ್ದೆ ಸೋಗೆ ನುಂಗಿದೆ.

ರೇಡಿಯೊ ಸಿಗ್ನಲ್ ದಾರದ ಹಾಗೆ ಹೋಗುವುದಿಲ್ಲ, ನಡುವೆ ಉಬ್ಬಿದ ಸೌತೆಕಾಯಿಯ ಹಾಗೆ ಹೋಗುತ್ತದೆ. ನಿಮ್ಮ 2 ಕಿಲೋಮೀಟರಿನ ನಡುಮಧ್ಯೆ ಆ ಉಬ್ಬಿನ ತ್ರಿಜ್ಯ 13 ಮೀಟರ್. ಅದರಲ್ಲಿ 60%, ಅಂದರೆ ಸುಮಾರು 8 ಮೀಟರ್, ಮರಮಟ್ಟಿಲ್ಲದೆ ಖಾಲಿ ಇರಬೇಕು. ಎರಡೂ ತುದಿಯಲ್ಲಿ ಆ್ಯಂಟೆನಾ ಅಡಿಕೆ ಮರದ ತಲೆಗಿಂತ ಕೆಳಗಿದ್ದರೆ ಏನೂ ಮಾಡಲಾಗದು. ಒಂದು ತುದಿಯನ್ನಾದರೂ ಎತ್ತರಿಸಿ. ಮನೆಯ ಕಡೆ ಜಾಗ ಎತ್ತರವಿದ್ದರೆ ಅಲ್ಲೇ ಕಂಬ ನಿಲ್ಲಿಸುವುದು ಸುಲಭ. ಅದೂ ಆಗದಿದ್ದರೆ ಗುಡ್ಡದ ಮೇಲೆ ಸೋಲಾರಿನಲ್ಲಿ ನಡೆಯುವ ಒಂದು ರಿಪೀಟರ್.

ಕಂಬದ ಮೇಲೆ ಆ್ಯಂಟೆನಾ ಇಟ್ಟು, ಬೋರ್ಡನ್ನು ಕೆಳಗಿಟ್ಟು, ನಡುವೆ ಹತ್ತು ಮೀಟರ್ ಆರ್‌ಜಿ58 ಕೇಬಲ್ ಎಳೆಯುವವರಿದ್ದಾರೆ. ಆ ಕೇಬಲ್ ಈ ಫ್ರೀಕ್ವೆನ್ಸಿಯಲ್ಲಿ ಮೀಟರಿಗೆ ಅರ್ಧ ಡೆಸಿಬೆಲ್‌ಗಿಂತ ಹೆಚ್ಚು ತಿನ್ನುತ್ತದೆ. ಕಳಿಸಿದ ಶಕ್ತಿಯಲ್ಲಿ ಸುಮಾರು ಮುಕ್ಕಾಲು ಪಾಲು ದಾರಿಯಲ್ಲೇ ಹೋಯಿತು. ಬೋರ್ಡನ್ನೇ ಡಬ್ಬಿಯಲ್ಲಿಟ್ಟು ಮೇಲಕ್ಕೇರಿಸಿ, ಕೆಳಗಿನಿಂದ ಪವರ್ ತಂತಿ ಮಾತ್ರ ಒಯ್ಯಿರಿ. ಕನೆಕ್ಟರಿಗೆ ರಬ್ಬರ್ ಟೇಪು ಸುತ್ತಿ. ನಿಮ್ಮ ಕಡೆಯ ಮಳೆಯಲ್ಲಿ ನೀರು ಇಳಿಯದ ಜಾಗವಿಲ್ಲ.

ಮಾಡ್ಯೂಲಿನ ಮೇಲೆ ಏನು ಬರೆದಿದೆ ನೋಡಿ. ರಾ-02 ಆಗಿದ್ದರೆ ಅದು 433 ಮೆಗಾಹರ್ಟ್ಜ್‌ನದು. ಭಾರತದಲ್ಲಿ ಹೊರಾಂಗಣಕ್ಕೆ ಪರವಾನಗಿ ಬೇಡದ ಫ್ರೀಕ್ವೆನ್ಸಿ ಪಟ್ಟಿ 865ರಿಂದ 868. 1 ವಾಟ್ ತನಕ ಕಳಿಸಬಹುದು. ಅದಕ್ಕೆ ಎಸ್‌ಎಕ್ಸ್1276 ಅಥವಾ ಎಸ್‌ಎಕ್ಸ್1262 ಚಿಪ್ಪಿನ ಮಾಡ್ಯೂಲ್ ಬೇಕು. 433ರ ಆ್ಯಂಟೆನಾ ತಂತಿ 17 ಸೆಂಟಿಮೀಟರ್, 866ರದ್ದು ಎಂಟೂವರೆ. ಒಂದರದ್ದನ್ನು ಇನ್ನೊಂದಕ್ಕೆ ಹಾಕಿ "ರೇಂಜ್ ಇಲ್ಲ" ಎನ್ನುವುದು ತೀರಾ ಸಾಮಾನ್ಯ. ಆ್ಯಂಟೆನಾ ಇಲ್ಲದೆ ಮಾತ್ರ ಯಾವತ್ತೂ ಪವರ್ ಕೊಡಬೇಡಿ, ಕಳಿಸುವ ಭಾಗ ಸುಟ್ಟೀತು.

ಎಸ್‌ಎಫ್12ಕ್ಕೆ ಏರಿಸಿದರೆ 13–14 ಡೆಸಿಬೆಲ್ ಹೆಚ್ಚು ಸಿಗುತ್ತದೆ ನಿಜ. ಆದರೆ ಎಸ್‌ಎಫ್7ರಲ್ಲಿ 50 ಮಿಲಿಸೆಕೆಂಡಿನಲ್ಲಿ ಮುಗಿಯುವ ಸಣ್ಣ ಸಂದೇಶ ಅಲ್ಲಿ ಒಂದು ಸೆಕೆಂಡ್ ದಾಟುತ್ತದೆ. ಬ್ಯಾಟರಿಯೂ ಅದೇ ಪ್ರಮಾಣದಲ್ಲಿ ಹೋಗುತ್ತದೆ. ಮೊದಲು ಎತ್ತರ, ಆಮೇಲೆ ಆ್ಯಂಟೆನಾ, ಕೊನೆಗೆ ಎಸ್‌ಎಫ್. ಪ್ರತಿ ಸಂದೇಶಕ್ಕೂ ಒಂದು ಕ್ರಮಸಂಖ್ಯೆ ಹಾಕಿಬಿಡಿ: 41ರ ಮೇಲೆ 45 ಬಂದರೆ ಮೂರು ಕಳೆದಿವೆ ಎಂದು ಗೊತ್ತಾಗುತ್ತದೆ, ಸಿಗ್ನಲ್ ಸೊರಗುತ್ತಿರುವುದು ಪೂರ್ತಿ ನಿಲ್ಲುವ ಮೊದಲೇ ತಿಳಿಯುತ್ತದೆ.

ಎರೆ ಹೊಲಕ್ಕೆ ಮಣ್ಣಿನ ತೇವದ ಸೆನ್ಸರ್ ಹಾಕಿದೆ. ನೀರು ಬಿಟ್ಟ ಮೇಲೂ "ಒಣಗಿದೆ" ಎಂದೇ ತೋರಿಸುತ್ತದೆ.
— ರೈತರು, ಗದಗ ಜಿಲ್ಲೆ

ಎರೆ ಮಣ್ಣು ಒಣಗಿದಾಗ ಬಿರುಕು ಬಿಡುತ್ತದೆ, ಬಿರುಕು ಬಿಡಲು ಅದಕ್ಕೆ ಸೆನ್ಸರಿನ ಪಕ್ಕದ ಜಾಗವೇ ಇಷ್ಟ. ಸೆನ್ಸರ್ ಈಗ ಅಳೆಯುತ್ತಿರುವುದು ಗಾಳಿಯನ್ನು. ಮೇಲಿಂದ ಚುಚ್ಚುವ ಬದಲು ಪಕ್ಕದಲ್ಲಿ ಗುಂಡಿ ತೋಡಿ, ಕದಡದ ಗೋಡೆಗೆ 15 ಮತ್ತು 30 ಸೆಂಟಿಮೀಟರ್ ಆಳದಲ್ಲಿ ಅಡ್ಡಲಾಗಿ ತೂರಿಸಿ. ಅದೇ ಮಣ್ಣನ್ನು ಅಂಬಲಿಯಂತೆ ಕಲಸಿ ಸಂದಿ ತುಂಬಿ, ಗುಂಡಿಯನ್ನು ಪದರ ಪದರವಾಗಿ ತುಳಿದು ಮುಚ್ಚಿ. ಡ್ರಿಪ್ಪರಿನ ನೇರ ಕೆಳಗೆ ಬೇಡ, ಒಂದು ಗೇಣು ಪಕ್ಕಕ್ಕಿರಲಿ.

ಎರಡು ಕಡ್ಡಿಯ ಅಗ್ಗದ ಸೆನ್ಸರಾಗಿದ್ದರೆ ಬಿಸಾಡಿ. ಸದಾ ಡಿಸಿ ಹರಿದು ಕಡ್ಡಿಯ ಲೇಪ ವಾರಗಳಲ್ಲೇ ಕರಗುತ್ತದೆ. ಕೆಪಾಸಿಟಿವ್ ಆಗಿದ್ದರೆ ಅದರ ಬೋರ್ಡಿನ ಕತ್ತರಿಸಿದ ಅಂಚುಗಳಿಂದ ನೀರು ಒಳಗೆ ಹೀರಿಕೊಳ್ಳುತ್ತದೆ. ಅಂಚಿಗೆ ಎರಡು ಕೈ ಎಪಾಕ್ಸಿ ಬಳಿದು, ಮೇಲಿನ ಬಿಡಿಭಾಗಗಳ ಭಾಗವನ್ನು ಹೀಟ್‌ಶ್ರಿಂಕಿನಲ್ಲಿ ಮುಚ್ಚಿ. ಇದರ ವೋಲ್ಟೇಜ್ ತೇವ ಹೆಚ್ಚಿದಂತೆ ಇಳಿಯುತ್ತದೆ ಎಂಬುದೂ ನೆನಪಿರಲಿ.

ಅಂಗಡಿಯ "ಶೇಕಡಾ"ವನ್ನು ನಂಬಬೇಡಿ, ನಿಮ್ಮ ಮಣ್ಣಿಗೆ ನೀವೇ ಅಳತೆ ಕಟ್ಟಿ. ಸೆನ್ಸರ್ ಪಕ್ಕದ ಮಣ್ಣು ತೆಗೆದು ಕೂಡಲೇ ತೂಗಿ, 105 ಡಿಗ್ರಿಯ ಓವನ್ನಿನಲ್ಲಿ 24 ಗಂಟೆ ಇಟ್ಟು ಮತ್ತೆ ತೂಗಿ. 124 ಗ್ರಾಂ ಇದ್ದದ್ದು 100 ಆದರೆ ತೇವ 24%. ಕಾಲೇಜುಗಳ ಸಿವಿಲ್ ಲ್ಯಾಬಿನಲ್ಲಿ ಇಂಥ ಓವನ್ ಇರುತ್ತದೆ. ಒಣ, ನಡುವಣ, ನೀರುಂಡ ಸ್ಥಿತಿ ಸೇರಿ ಐದಾರು ಸಲ ಮಾಡಿ ಗೆರೆ ಎಳೆಯಿರಿ. ಕೆಂಪು ಮಣ್ಣಿನ ಗೆರೆ ಎರೆಗೆ ಹೊಂದುವುದಿಲ್ಲ.

ಶಾಲೆಯಲ್ಲಿ ಟಿಪ್ಪಿಂಗ್ ಬಕೆಟ್ (ಸಣ್ಣ ಬಟ್ಟಲು ತುಂಬಿದಾಗೆಲ್ಲ ಮಗುಚಿ ಎಣಿಸುವ) ಮಳೆಮಾಪಕ ಮಾಡಿದ್ದೇವೆ. ಪಕ್ಕದ ಮಾಮೂಲಿ ಮಳೆಮಾಪಕಕ್ಕೂ ಇದಕ್ಕೂ ದಿನವೂ ತಾಳೆಯಾಗುವುದಿಲ್ಲ. ಕೆಲವು ದಿನ ಅರ್ಧಕ್ಕರ್ಧ ವ್ಯತ್ಯಾಸ!
— ವಿಜ್ಞಾನ ಶಿಕ್ಷಕಿ, ಶಿರಸಿ

ಅರ್ಧಕ್ಕರ್ಧ ಎಂದರೆ ಯಂತ್ರಕ್ಕಿಂತ ಮೊದಲು ಗಡಿಯಾರ ನೋಡಿ. ಮಾಮೂಲಿ ಮಾಪಕವನ್ನು ಓದುವುದು ಬೆಳಿಗ್ಗೆ 8.30ಕ್ಕೆ, ಹವಾಮಾನ ಇಲಾಖೆಯ ಮಳೆ ದಿನ 8.30ರಿಂದ 8.30. ನಿಮ್ಮ ಪ್ರೋಗ್ರಾಂ ಮಧ್ಯರಾತ್ರಿಯಿಂದ ಮಧ್ಯರಾತ್ರಿಗೆ ಕೂಡುತ್ತಿದ್ದರೆ, ರಾತ್ರಿಯಿಡೀ ಸುರಿದ ಮಳೆ ಎರಡು ಬೇರೆ ದಿನಗಳಿಗೆ ಹಂಚಿಹೋಗುತ್ತದೆ.

ಆಮೇಲೆ ಬಟ್ಟಲಿನ ಅಳತೆ. ಆಲಿಕೆಯ ಬಾಯಿ 20 ಸೆಂಟಿಮೀಟರ್ ವ್ಯಾಸವಿದ್ದು ಒಂದು ಮಗುಚಿಗೆ 0.2 ಮಿಲಿಮೀಟರ್ ಎಂದಾದರೆ ಬಟ್ಟಲು 6.28 ಮಿಲಿಲೀಟರಿಗೆ ಮಗುಚಬೇಕು. 628 ಮಿಲಿಲೀಟರ್ ನೀರನ್ನು ಸೂಜಿರಂಧ್ರದ ಬಾಟಲಿಯಿಂದ ಅರ್ಧ ಗಂಟೆಯಲ್ಲಿ ಹನಿಸಿ. 100 ಎಣಿಕೆ ಬರಬೇಕು. 94 ಬಂದರೆ ಬಟ್ಟಲಿನ ಕೆಳಗಿನ ತಿರುಪನ್ನು ಮೇಲೆತ್ತಿ, ಬೇಗ ಮಗುಚಲಿ. 130, 150 ಬಂದರೆ ತಿರುಪಿನ ದೋಷವಲ್ಲ, ರೀಡ್ ಸ್ವಿಚ್ (ಮಗುಚನ್ನು ಎಣಿಸುವ ಆಯಸ್ಕಾಂತದ ಸ್ವಿಚ್ಚು) ಒಂದು ಮಗುಚಿಗೆ ಎರಡು ಸಲ ಮಿಡಿಯುತ್ತಿದೆ. 150 ಮಿಲಿಸೆಕೆಂಡ್ ಒಳಗಿನ ಎರಡನೇ ಮಿಡಿತವನ್ನು ಬಿಟ್ಟುಬಿಡಿ.

ಜಡಿಮಳೆಯಲ್ಲಿ ಸ್ವಲ್ಪ ಕಡಿಮೆ ಎಣಿಸುವುದು ಇದರ ಹುಟ್ಟುಗುಣ. ಗಂಟೆಗೆ 100 ಮಿಲಿಮೀಟರ್ ಸುರಿದರೆ 7.2 ಸೆಕೆಂಡಿಗೊಂದು ಮಗುಚು. ಮಗುಚುವ ಅರ್ಧ ಸೆಕೆಂಡಿನಲ್ಲಿ ಬಿದ್ದ ನೀರಿನ ಒಂದು ಪಾಲು ಲೆಕ್ಕಕ್ಕೆ ಸಿಗದೆ 3–4% ಕಡಿಮೆಯಾಗುತ್ತದೆ. ಇನ್ನು "ಮಳೆ ಸೊನ್ನೆ" ಎಂದು ಮೂರು ದಿನ ಬಂದರೆ, ಅದೂ ಆಷಾಢದಲ್ಲಿ, ಆಲಿಕೆಗೆ ಎಲೆ ಸಿಕ್ಕಿದೆ ಅಥವಾ ಬಟ್ಟಲಿನ ಮೇಲೆ ಜೇಡ ಬಲೆ ನೇಯ್ದಿದೆ. ಮಕ್ಕಳಿಗೆ ಹೇಳಿ, ವಾರಕ್ಕೊಮ್ಮೆ ಅವರೇ ನೋಡುತ್ತಾರೆ.

ಚಿಕ್ಕ ಪ್ರಶ್ನೆಗಳು

*ಉಷ್ಣತೆ ಸೆನ್ಸರ್ ಡಿಎಸ್18ಬಿ20 ಆಗಾಗ 85 ಡಿಗ್ರಿ ತೋರಿಸುತ್ತದೆ (ಹಾಸನ).* ಅದು ಅಳತೆಯಲ್ಲ, ಪವರ್ ಬಂದಾಗ ಸೆನ್ಸರಿನಲ್ಲಿ ಮೊದಲೇ ಇರುವ ಅಂಕಿ. ಅಳೆಯಲು ಹೇಳಿ 750 ಮಿಲಿಸೆಕೆಂಡ್ ಕಾಯದೆ ಓದಿದ್ದೀರಿ, ಅಥವಾ ನಡುವೆ ಪವರ್ ಹೋಗಿ ಬಂದಿದೆ. ಮೈನಸ್ 127 ಬಂದರೆ ಸೆನ್ಸರೇ ಸಿಗುತ್ತಿಲ್ಲ, 4.7 ಕಿಲೊಓಮ್ ಪುಲ್‌ಅಪ್ ಇದೆಯೇ ನೋಡಿ. ಎರಡನ್ನೂ ಗ್ರಾಫಿಗೆ ಬಿಡಬೇಡಿ.

*ಬಿಎಂಇ280 (ಉಷ್ಣತೆ, ತೇವಾಂಶ, ಒತ್ತಡದ ಸೆನ್ಸರ್) ಅನ್ನು 5 ಮೀಟರ್ ತಂತಿಯಲ್ಲಿ ಹಾಕಬಹುದೇ (ಉಡುಪಿ)?* ಅದು ಬಳಸುವ ಐ2ಸಿ ಸಂಪರ್ಕ ಒಂದೇ ಬೋರ್ಡಿನೊಳಗಿನ ಮಾತುಕತೆಗೆ ಹುಟ್ಟಿದ್ದು. ವೇಗವನ್ನು 10 ಕಿಲೊಹರ್ಟ್ಜಿಗೆ ಇಳಿಸಿದರೆ ನಡೆದೀತು, ಗ್ಯಾರಂಟಿ ಇಲ್ಲ. ದೂರಕ್ಕೆ ಆರ್‌ಎಸ್485 (ಉದ್ದ ತಂತಿಗೆಂದೇ ಮಾಡಿದ ಸಂಪರ್ಕ) ಇರುವ ಸೆನ್ಸರ್ ಕೊಳ್ಳಿ, ಎರಡು ತುದಿಗೂ 120 ಓಮ್ ಹಾಕಿ.

*ವೈಫೈ ಆನ್ ಆದ ಕೂಡಲೇ ಇಎಸ್‌ಪಿ32ರ ಅನಲಾಗ್ ಓದು ನಿಲ್ಲುತ್ತದೆ (ಬೆಳಗಾವಿ).* ಎಡಿಸಿ2ರ ಪಿನ್ ಬಳಸಿದ್ದೀರಿ, ವೈಫೈ ನಡೆಯುವಾಗ ಅದು ಸಿಗುವುದಿಲ್ಲ. 32ರಿಂದ 39ರ ನಡುವಿನ ಪಿನ್ನಿಗೆ ಬದಲಿಸಿ.

ದುಬೈಯಲ್ಲಿದ್ದೇನೆ. ತುಮಕೂರು ಕಡೆಯ ನಮ್ಮ ಹೊಲದ 5 ಎಚ್‌ಪಿ ತ್ರೀ ಫೇಸ್ ಸಬ್‌ಮರ್ಸಿಬಲ್ ಪಂಪನ್ನು ಮೊಬೈಲಿನಿಂದಲೇ ಆನ್-ಆಫ್ ಮಾಡುವ ಹಾಗೆ ಮಾಡಿಸಿದ್ದೇನೆ. ಆ್ಯಪಿನಲ್ಲಿ "ಆನ್" ಅಂತಿರುತ್ತದೆ, ಅಪ್ಪ ಫೋನ್ ಮಾಡಿ ನೀರೇ ಬಂದಿಲ್ಲ ಅನ್ನುತ್ತಾರೆ.

ಆ್ಯಪ್ ತೋರಿಸುತ್ತಿರುವುದು ನೀವು ಕೊಟ್ಟ ಆಜ್ಞೆಯನ್ನು, ಪಂಪಿನ ಸ್ಥಿತಿಯನ್ನಲ್ಲ. ರಿಲೇ (ಆಜ್ಞೆ ಬಂದಾಗ ಒತ್ತಿಕೊಳ್ಳುವ ಸ್ವಿಚ್ಚು) ಟಕ್ ಎಂದು ಸದ್ದು ಮಾಡಿದೆ, ಅಷ್ಟೇ. ತ್ರೀ ಫೇಸ್ ಇರಲಿಲ್ಲವೋ, ಸ್ಟಾರ್ಟರ್ ಟ್ರಿಪ್ ಆಯಿತೋ, ಬೋರ್ ಬತ್ತಿದೆಯೋ ಅದಕ್ಕೇನು ಗೊತ್ತು?

ಒಂದು ಫೇಸಿನ ಸುತ್ತ ಕ್ಲಾಂಪ್ ಮಾದರಿಯ ಸಿಟಿ (ತಂತಿಯ ಕರೆಂಟು ಅಳೆಯುವ ಕರೆಂಟ್ ಟ್ರಾನ್ಸ್‌ಫಾರ್ಮರ್) ಹಾಕಿಸಿ, 30 ಆಂಪಿಯರಿಗೆ 1 ವೋಲ್ಟ್ ಕೊಡುವಂಥದ್ದು ಸಾಕು. 5 ಎಚ್‌ಪಿ ಪಂಪು ನೀರೆತ್ತುವಾಗ ಹೆಚ್ಚುಕಡಿಮೆ 8–9 ಆಂಪಿಯರ್ ಎಳೆಯುತ್ತದೆ. ನಿಮ್ಮದು ಎಷ್ಟೆಂದು ನೀರು ಚೆನ್ನಾಗಿ ಬರುವಾಗ ಬರೆದಿಟ್ಟುಕೊಳ್ಳಿ. ಸೊನ್ನೆ ಆಂಪಿಯರ್ ಅಂದರೆ ಪಂಪು ನಿಂತಿದೆ. ಮಾಮೂಲಿನ 70%ಗಿಂತ ಕೆಳಗೆ ಹತ್ತು ಸೆಕೆಂಡ್ ನಿಂತರೆ ಡ್ರೈ ರನ್, ಅಂದರೆ ಪಂಪು ನೀರಿಲ್ಲದೆ ಓಡುತ್ತಿದೆ, ಕೂಡಲೇ ಆಫ್ ಆಗಬೇಕು, ಮತ್ತೆ ಹಾಕಲು ಒಂದು ಗಂಟೆಯಾದರೂ ಬಿಡಬೇಕು. ಶುರುವಿನ ಐದು ಸೆಕೆಂಡ್ ಕರೆಂಟು ಏರಿಳಿಯುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಈ ತೀರ್ಮಾನವೆಲ್ಲ ಹೊಲದ ಡಬ್ಬಿಯಲ್ಲೇ ಆಗಬೇಕು. ದುಬೈಯ ಫೋನಿಗೆ ಕೇಳಿಕೊಂಡು ಬರುವಷ್ಟರಲ್ಲಿ ಬೇರಿಂಗು ಹೋಗಿರುತ್ತದೆ. ಆ್ಯಪಿನಲ್ಲಿ "ಆನ್" ಎಂಬ ಅಕ್ಷರ ಸಿಟಿಯ ಆಂಪಿಯರಿನಿಂದ ಮಾತ್ರ ಮೂಡಲಿ.

ಎಂಕ್ಯೂಟಿಟಿ (ಬ್ರೋಕರ್ ಎಂಬ ಸರ್ವರ್ ಮೂಲಕ ಸಂದೇಶ ಹಂಚುವ ವಿಧಾನ) ಬಳಸಿದ್ದರೆ "ಲಾಸ್ಟ್ ವಿಲ್" ಸಂದೇಶ ಇಟ್ಟುಕೊಳ್ಳಿ. ಕೀಪ್‌ಅಲೈವ್ (ಡಬ್ಬಿ ತಾನಿದ್ದೇನೆ ಎಂದು ಹೇಳಬೇಕಾದ ಗಡುವು) 60 ಸೆಕೆಂಡ್ ಇದ್ದರೆ, ಡಬ್ಬಿ ಮೌನವಾದ 90 ಸೆಕೆಂಡಿಗೆ ಬ್ರೋಕರ್ ತಾನೇ "ಸಂಪರ್ಕ ಇಲ್ಲ" ಎಂದು ಸಾರುತ್ತದೆ. ಆ್ಯಪಿನಲ್ಲಿ ಕೊನೆಯ ಓದಿನ ಸಮಯ ದೊಡ್ಡದಾಗಿ ಕಾಣಲಿ. ನಿನ್ನೆಯ "ಆನ್" ಇವತ್ತು ಹಸಿರಾಗಿ ಹೊಳೆಯುವುದು ಬೇಡ. ಎಷ್ಟೋ ಸಲ ಮೌನಕ್ಕೆ ಕಾರಣ ಸಿಮ್ಮಿನ ರೀಚಾರ್ಜ್ ಮುಗಿದಿರುವುದು.

ಸ್ಟಾರ್ಟರ್ ಪಕ್ಕದಲ್ಲಿ ಕೈಯಿಂದ ತಿರುಗಿಸುವ ಒಂದು "ಲೋಕಲ್/ರಿಮೋಟ್" ಸ್ವಿಚ್ ಇದೆಯೇ? ಇಲ್ಲದಿದ್ದರೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನಿನಿಂದ ಇವತ್ತೇ ಹಾಕಿಸಿ. ಅಪ್ಪ ಪ್ಯಾನೆಲ್ ಬಿಚ್ಚುವ ಮೊದಲು ಅದನ್ನು "ಲೋಕಲ್"ಗೆ ತಿರುಗಿಸಿ, ಮೇನ್ ಸ್ವಿಚ್ಚನ್ನೂ ಇಳಿಸಲಿ. ಅವರು ಕೈ ಇಟ್ಟಿರುವುದು ದುಬೈಯಲ್ಲಿ ಬೆರಳೊತ್ತುವ ನಿಮಗೆ ಕಾಣುವುದಿಲ್ಲ.